ಉಪಮೆಯೋ, ರೂಪಕವೋ, ಉತ್ಪ್ರೇಕ್ಷೆಯೋ? ಸಾಹಿತ್ಯ ಓದುವವರು ಹೆಸರು ಆರಿಸುವ ಬಗೆ

ಮಂಡ್ಯದಿಂದ ಮೈಸೂರಿಗೆ ವಾಪಸ್ ಬರುವ ಸಂಜೆ ರೈಲಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಪಕ್ಕ ಬಂದು ಕೂತಳು. ಬಿ.ಎ. ಮೊದಲ ವರ್ಷ, ಐಚ್ಛಿಕ ಕನ್ನಡ. ಪಾಂಡವಪುರದಲ್ಲಿ ಇಳಿಯುವವಳು. ನೋಟ್‌ಬುಕ್ ತೆಗೆದು, ಒಂದು ಸಾಲಿನ ಅಲಂಕಾರ ಯಾವುದು ಎಂಬ ಪ್ರಶ್ನೆಗೆ ಬರೆದ ಉತ್ತರ ತೋರಿಸಿದಳು. ಮೊದಲು 'ಉಪಮೆ' ಎಂದು ಬರೆದು ಅಡ್ಡಗೆರೆ ಎಳೆದಿದ್ದಳು. ಅದರ ಮುಂದೆ 'ರೂಪಕ', ಅದಕ್ಕೂ ಗೆರೆ. ಆಮೇಲೆ 'ಉತ್ಪ್ರೇಕ್ಷೆ'. ಅದರ ಪಕ್ಕ ಪೆನ್ಸಿಲಿನಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ.

"ಲಕ್ಷಣ ಎಲ್ಲ ಬಾಯಿಗೆ ಬರ್ತದೆ ಮೇಡಂ. ಸಾಲು ಮುಂದೆ ಇಟ್ರೆ ಯಾವುದು ಅಂತ ಗೊತ್ತಾಗಲ್ಲ" ಅಂದಳು.

ಈ ಕಷ್ಟ ಅವಳೊಬ್ಬಳದೇ ಅಲ್ಲ. ನಮ್ಮ ಪಾಠಗಳು ಒಂದೊಂದು ಹೆಸರನ್ನೂ ಬೇರೆ ಬೇರೆಯಾಗಿ ಹೇಳಿಕೊಡುತ್ತವೆ. ಉಪಮೆ ಒಂದು ದಿನ, ರೂಪಕ ಇನ್ನೊಂದು ದಿನ. ಎರಡನ್ನೂ ಪಕ್ಕಪಕ್ಕ ಇಟ್ಟು, ಇದನ್ನು ಯಾವಾಗ ಆರಿಸಬೇಕು, ಅದನ್ನು ಯಾವಾಗ ಬಿಡಬೇಕು ಎಂದು ಹೇಳುವುದು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪರಸ್ಪರ ಗೊಂದಲ ಮಾಡುವ ಹೆಸರುಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ಗೊಂದಲ ಇಲ್ಲದ ಕಡೆ ಹೋಲಿಕೆಯ ಅಗತ್ಯ ಇಲ್ಲ.

ನಾನು ಬಳಸುವ ಪರೀಕ್ಷೆ ಒಂದೇ. ಒಂದು ಸಾಲಿಗೆ ಹೆಸರು ಕೊಟ್ಟ ಮೇಲೆ ಆ ಸಾಲಿನ ಬಗ್ಗೆ ಇನ್ನೊಂದು ಮಾತು ಬರೆಯಲು ಆಗಬೇಕು. "ಇದು ರೂಪಕ" ಎಂದು ಬರೆದು ಪೆನ್ನು ನಿಂತುಹೋದರೆ, ಒಂದೋ ಹೆಸರು ತಪ್ಪು, ಇಲ್ಲವೇ ಸಾಲನ್ನು ಇನ್ನೂ ಸರಿಯಾಗಿ ಓದಿಲ್ಲ. ಎರಡು ಹೆಸರು ಹೊಂದುತ್ತವೆ ಅನ್ನಿಸಿದಾಗ ಮುಂದಿನ ಮಾತು ಯಾವುದರಿಂದ ಹುಟ್ಟುತ್ತದೋ ಅದನ್ನು ಇಟ್ಟುಕೊಳ್ಳಿ.

ಒಂದೇ ಅರಮನೆ, ಬೇರೆ ಬೇರೆ ಅಲಂಕಾರ

ಭಾನುವಾರ ಸಂಜೆ ಮೈಸೂರು ಅರಮನೆಯ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಕತ್ತಲಾಗಿದೆ. ಎಲ್ಲರೂ ಫೋನ್ ಎತ್ತಿ ಹಿಡಿದಿದ್ದಾರೆ. ತಟ್ಟನೆ ಅಷ್ಟೂ ದೀಪ ಹತ್ತುತ್ತವೆ. ಈ ಒಂದೇ ನೋಟವನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿ ನೋಡೋಣ.

"ದೀಪ ಹತ್ತಿದ ಅರಮನೆ ಹೂ ಬಿಟ್ಟ ಮರದ ಹಾಗೆ ಮೈತುಂಬ ಅರಳಿತು." ಇದು ಉಪಮೆ. ಅರಮನೆ ಉಪಮೇಯ, ಹೂ ಬಿಟ್ಟ ಮರ ಉಪಮಾನ, 'ಹಾಗೆ' ಎನ್ನುವುದು ಉಪಮಾವಾಚಕ, ಮೈತುಂಬ ಅರಳುವುದು ಸಮಾನಧರ್ಮ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. "ಅರಮನೆ ಹೂ ಬಿಟ್ಟ ಮರದ ಹಾಗಿತ್ತು" ಎಂದು ನಿಲ್ಲಿಸಿದರೆ ಸಮಾನಧರ್ಮ ಬಿಟ್ಟುಹೋಯಿತು, ಲುಪ್ತೋಪಮೆ ಆಯಿತು. ಏನು ಸಮಾನ ಎಂದು ಓದುವವರೇ ಊಹಿಸಬೇಕು.

"ಅರಮನೆಯೆಂಬ ಮರ ಮೈತುಂಬ ಅರಳಿತು." ಇದು ರೂಪಕ. 'ಹಾಗೆ' ಹೋಯಿತು. ಎರಡರ ನಡುವಿನ ಅಂತರವೂ ಹೋಯಿತು. ಉಪಮೆಯಲ್ಲಿ ಕವಿ ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತಾನೆ, ರೂಪಕದಲ್ಲಿ ಒಂದರ ಮೇಲೆ ಇನ್ನೊಂದನ್ನು ಹೊದಿಸುತ್ತಾನೆ.

"ಆಕಾಶದ ಚುಕ್ಕಿಗಳೆಲ್ಲ ಇಳಿದು ಬಂದು ಅರಮನೆಯ ಮೇಲೆ ಕೂತವೋ ಎನ್ನುವಂತೆ ದೀಪಗಳು ಹತ್ತಿದವು." ಇದು ಉತ್ಪ್ರೇಕ್ಷೆ. ಇಲ್ಲಿ ಮಕ್ಕಳು ಎಡವುತ್ತಾರೆ. 'ಎನ್ನುವಂತೆ' ಎಂಬಲ್ಲಿ 'ಅಂತೆ' ಕಂಡ ಕೂಡಲೇ ಉಪಮೆ ಎಂದು ಬರೆದುಬಿಡುತ್ತಾರೆ. ವಾಚಕ ಪದವನ್ನು ಹುಡುಕುವ ಬದಲು ಹೀಗೆ ಕೇಳಿಕೊಳ್ಳಿ: ಹೋಲಿಕೆಗೆ ತಂದದ್ದು ಲೋಕದಲ್ಲಿ ನಿಜವಾಗಿ ಇದೆಯಾ? ಹೂ ಬಿಟ್ಟ ಮರ ಇದೆ, ಎಲ್ಲರೂ ನೋಡಿದ್ದೇವೆ. ಚುಕ್ಕಿಗಳು ಇಳಿದು ಬಂದು ಕೂತದ್ದನ್ನು ಯಾರೂ ನೋಡಿಲ್ಲ, ಕವಿ ಕಲ್ಪಿಸಿಕೊಂಡದ್ದು. ಇರುವುದರ ಜೊತೆ ಹೋಲಿಸಿದರೆ ಉಪಮೆ. ಇಲ್ಲದ್ದನ್ನು ನಡೆಯಿತೋ ಏನೋ ಎಂದು ಸಂಭಾವಿಸಿದರೆ ಉತ್ಪ್ರೇಕ್ಷೆ.

ಈ ಉತ್ಪ್ರೇಕ್ಷೆ ಎಂಬ ಪದ ನನಗೂ ಸಾಕಷ್ಟು ನೋವು ಕೊಟ್ಟಿದೆ. ನಾನು ಬಿ.ಎ. ಓದುವಾಗ ಕಿರುಪರೀಕ್ಷೆಯಲ್ಲಿ ಉತ್ಪ್ರೇಕ್ಷೆ ಎಂದರೆ ಇದ್ದದ್ದನ್ನು ದೊಡ್ಡದು ಮಾಡಿ ಹೇಳುವುದು ಎಂದು ಎರಡು ಪುಟ ಬರೆದಿದ್ದೆ. ಪತ್ರಿಕೆ ವಾಪಸ್ ಬಂದಾಗ ಕೆಂಪು ಶಾಯಿಯಲ್ಲಿ 'ತಪ್ಪು' ಎಂದಷ್ಟೇ ಇತ್ತು. ಯಾಕೆ ತಪ್ಪು ಎಂದು ಪಾಠ ಮಾಡಿದವರು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಅದು ತಿಳಿಯಲು ಎರಡು ವರ್ಷ ಹಿಡಿಯಿತು. ಮನೆಯಲ್ಲಿ, ಪೇಪರಿನಲ್ಲಿ, ಟಿವಿಯಲ್ಲಿ ನಾವು 'ಉತ್ಪ್ರೇಕ್ಷೆ ಮಾಡಬೇಡ' ಎನ್ನುವಾಗ ಜಾಸ್ತಿ ಮಾಡಿ ಹೇಳಬೇಡ ಎಂಬ ಅರ್ಥ. ಅಲಂಕಾರದ ಉತ್ಪ್ರೇಕ್ಷೆಗೆ ಆ ಅರ್ಥ ಇಲ್ಲ. 'ಪ್ರೇಕ್ಷಕ' ಎಂಬ ಪದದಲ್ಲಿರುವ ನೋಡುವ ಕೆಲಸವೇ ಇಲ್ಲೂ ಇರುವುದು. ಕಂಡದ್ದನ್ನು ಕಲ್ಪನೆಯಲ್ಲಿ ಬೇರೆಯಾಗಿ ನೋಡುವುದು. ಮಿತಿ ಮೀರಿ ಹೇಳುವುದಕ್ಕೆ ಇರುವ ಹೆಸರು ಅತಿಶಯೋಕ್ತಿ. "ಆ ಬೆಳಕಿಗೆ ನಂಜನಗೂಡಿನಲ್ಲಿ ಕೂತವರೂ ಪೇಪರ್ ಓದಿದರು" ಎಂದರೆ ಅದು ಅತಿಶಯೋಕ್ತಿ.

ಇನ್ನೂ ಒಂದು ಸೂಕ್ಷ್ಮ ಇದೆ. ಅರಮನೆಯ ಕಡೆ ಕೈ ತೋರಿಸಿ ಯಾರೋ "ನೋಡು, ಮರ ಅರಳಿತು" ಎಂದಷ್ಟೇ ಹೇಳಿದರು ಎನ್ನಿ. ಅರಮನೆ ಎಂಬ ಮಾತೇ ಇಲ್ಲ. ಉಪಮಾನ ಉಪಮೇಯವನ್ನು ಪೂರ್ತಿ ನುಂಗಿಬಿಟ್ಟಿದೆ. ಹಳೆಯ ಲೆಕ್ಕದಲ್ಲಿ ಇದು ರೂಪಕವಾಗದು, ರೂಪಕಾತಿಶಯೋಕ್ತಿ. ಇಂದಿನ ವಿಮರ್ಶಕರು ಇದನ್ನೂ ರೂಪಕ ಎಂದೇ ಕರೆಯುತ್ತಾರೆ. ಅಂದರೆ ಇಂದಿನ ವಿಮರ್ಶೆಯ ರೂಪಕ ಹಳೆಯ ರೂಪಕಕ್ಕಿಂತ ದೊಡ್ಡ ಚೀಲ. ಪ್ರಶ್ನೆಪತ್ರಿಕೆಯಲ್ಲಿ 'ಅಲಂಕಾರ ಹೆಸರಿಸಿ' ಎಂದಿದ್ದರೆ ಹಳೆಯ ಹೆಸರು ಬರೆಯಿರಿ. 'ಕವಿತೆಯನ್ನು ವಿಮರ್ಶಿಸಿ' ಎಂದಿದ್ದರೆ ರೂಪಕ ಸಾಕು.

'ಮುಖಕಮಲ'ದಂಥ ಸಮಾಸ ಬಂದಾಗ? ಶಾಲೆಯಲ್ಲಿ ಕಣ್ಣುಮುಚ್ಚಿ ರೂಪಕ ಎನ್ನುತ್ತೇವೆ. ಆದರೆ ಕ್ರಿಯಾಪದ ನೋಡಿ. "ಮುಖಕಮಲ ಅರಳಿತು" ಎಂದರೆ ಅರಳುವುದು ಕಮಲದ ಕೆಲಸ, ಹಾಗಾಗಿ ಕಮಲ ಗೆದ್ದಿದೆ, ರೂಪಕ. "ಮುಖಕಮಲ ನಕ್ಕಿತು" ಎಂದರೆ ನಗುವುದು ಮುಖ, ಕಮಲ ಬರೀ ಹೋಲಿಕೆಗೆ ಬಂದಿದೆ, ಅದನ್ನು ಉಪಮೆ ಎನ್ನುವುದೇ ಸರಿ. ಹಳಬರು ಇಷ್ಟು ನಯವಾಗಿ ಓದುತ್ತಿದ್ದರು. ಇದನ್ನು ಮೊದಲ ಸಲ ತಿಳಿದಾಗ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ.

ಉಪಮೆ ಮತ್ತು ರೂಪಕದ ಅಂತರ ಕಿವಿಗೇ ತಿಳಿಯಬೇಕು ಅಂದರೆ ಇಬ್ಬರು ಕವಿಗಳನ್ನು ಒಂದೇ ವಾರ ಓದಿ. ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂಬ ಹೆಸರು, ಲಕ್ಷ್ಮೀಶನಿಗೆ ಉಪಮಾಲೋಲ ಎಂಬ ಹೆಸರು. ಸುಮ್ನೆ ಕೊಟ್ಟ ಬಿರುದುಗಳಲ್ಲ. ಕುಮಾರವ್ಯಾಸ ಓಡುವವನು, 'ಅಂತೆ' ಹೇಳಲು ನಿಲ್ಲುವುದಿಲ್ಲ. ಲಕ್ಷ್ಮೀಶ ನಿಂತು, ಎರಡನ್ನೂ ಪಕ್ಕಪಕ್ಕ ಇಟ್ಟು, ಚೆಂದ ನೋಡಿ ಮುಂದೆ ಹೋಗುವವನು. ಉತ್ತರ ಬರೆಯುವಾಗ 'ಮುಂದಿನ ಮಾತು' ಎಂದು ನಾನು ಹೇಳಿದ್ದು ಇಂಥದ್ದನ್ನೇ.

ದೃಷ್ಟಾಂತ, ಅರ್ಥಾಂತರನ್ಯಾಸ

ಎರಡರಲ್ಲೂ ಎರಡು ವಾಕ್ಯ ಇರುತ್ತವೆ, ನಡುವೆ 'ಹಾಗೆ' ಇರುವುದಿಲ್ಲ. ಅದಕ್ಕೇ ಅದಲುಬದಲಾಗುತ್ತವೆ.

"ಅಪ್ಪನ ಮಾತು ಒರಟು, ಒಳಗೆ ಅಕ್ಕರೆ. ಕಬ್ಬಿನ ಗಿಣ್ಣು ಗಟ್ಟಿ, ಒಳಗೆ ರಸ." ಒಂದು ವಾಕ್ಯ ಇನ್ನೊಂದರ ಕನ್ನಡಿ. ಅಪ್ಪನಿಗೆ ಕಬ್ಬು, ಒರಟು ಮಾತಿಗೆ ಗಿಣ್ಣು, ಅಕ್ಕರೆಗೆ ರಸ. ಬಿಂಬ, ಪ್ರತಿಬಿಂಬ. ಇದು ದೃಷ್ಟಾಂತ.

"ನಾಲೆ ಬತ್ತಿದ ವರ್ಷವೇ ನಮ್ಮೂರಿನವರು ನೀರಿನ ಲೆಕ್ಕ ಇಟ್ಟರು. ಕಳೆದುಕೊಂಡ ಮೇಲೇ ಬೆಲೆ ತಿಳಿಯುವುದು." ಮೊದಲನೆಯದು ಒಂದು ಊರಿನ ಮಾತು, ಎರಡನೆಯದು ಎಲ್ಲರಿಗೂ ಅನ್ವಯಿಸುವ ಮಾತು. ವಿಶೇಷವನ್ನು ಸಾಮಾನ್ಯ ಎತ್ತಿ ಹಿಡಿಯುತ್ತದೆ. ತಿರುಗುಮುರುಗಾಗಿಯೂ ಬರಬಹುದು. ಇದು ಅರ್ಥಾಂತರನ್ಯಾಸ.

ಎರಡನೆಯ ವಾಕ್ಯವನ್ನು ಬೇರೆಯವರ ಮನೆಯ ಕಥೆಗೂ ಅಂಟಿಸಲು ಆಗುತ್ತದೆಯಾ ನೋಡಿ. ಆಗುವುದಾದರೆ ಅದು ಅರ್ಥಾಂತರನ್ಯಾಸ ಇರಬೇಕು. ಗಾದೆ ಬಂದರೆ ಅರ್ಥಾಂತರನ್ಯಾಸ ಎಂದು ಟ್ಯೂಷನ್ನಿನಲ್ಲಿ ಹೇಳಿಕೊಡುವ ಸೂತ್ರ ಬಹಳ ಸಲ ಕೆಲಸ ಮಾಡುತ್ತದೆ, ಆದರೆ ಪೂರ್ತಿ ನಂಬಬೇಡಿ. ಚಿತ್ರದ ರೂಪದಲ್ಲಿರುವ ಗಾದೆಗಳು ದೃಷ್ಟಾಂತವೂ ಆಗಬಹುದು.

ರೂಪಕ, ಪ್ರತಿಮೆ, ಸಂಕೇತ: ಆಲೆಮನೆಯಲ್ಲಿ ಕಲಿತದ್ದು

ಹೊಸ ಕವಿತೆ, ಸಣ್ಣಕಥೆ ಓದುವವರಿಗೆ ಜಾಸ್ತಿ ಕಾಡುವುದು ಈ ಮೂರು. ಲೇಖನಗಳಲ್ಲಿ ಇವುಗಳನ್ನು ಒಂದರ ಬದಲು ಇನ್ನೊಂದು ಎಂಬಂತೆ ಬಳಸುತ್ತಾರೆ.

ಆ ರೈಲಿನ ಹುಡುಗಿಯ ಮನೆಯವರಿಗೆ ಆಲೆಮನೆ ಇದೆ. ಒಂದು ಸಲ ಕರೆದಿದ್ದರು, ಹೋಗಿದ್ದೆ. ಗಾಣದಿಂದ ಬಂದ ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಲೇ ಇದ್ದರು. ಮೊದಮೊದಲು ಮೇಲೆ ಹಸಿರು ಮಿಶ್ರಿತ ಕೊಳೆ ನೊರೆ ಬಂತು, ಅದನ್ನು ಜಾಲರಿಯಲ್ಲಿ ಎತ್ತಿ ಹಾಕಿದರು. ಆಮೇಲೆ ಬಣ್ಣ ಕೆಂಪಗಾಯಿತು, ಗುಳ್ಳೆಗಳು ದೊಡ್ಡದಾದವು, ಒಂದೊಂದೂ ಪಟ್ ಎಂದು ಒಡೆದು ಹನಿ ಆಚೆ ಸಿಡಿಯತೊಡಗಿತು. ಹುಡುಗಿಯ ಅಜ್ಜ ನನ್ನನ್ನು ಹಿಂದಕ್ಕೆ ಸರಿಸುತ್ತಾ "ಪಾಕಕ್ಕೆ ಸಿಟ್ಟು ಬಂದದೆ, ದೂರ ನಿಂತ್ಕಳಿ ಮೇಡಂ" ಅಂದರು.

ಈ ಮಾತಿಗೆ ಏನು ಹೆಸರು? ಜೀವವಿಲ್ಲದ ಪಾಕಕ್ಕೆ ಮನುಷ್ಯರ ಸಿಟ್ಟು ಹೊರಿಸಿದ್ದಾರೆ. ಈಗಿನವರು ಮಾನವೀಕರಣ ಎನ್ನುತ್ತಾರೆ. ಹಳೆಯ ಪಟ್ಟಿಯಲ್ಲಿ ಇದಕ್ಕೆ ಹತ್ತಿರ ಇರುವುದು ಸಮಾಸೋಕ್ತಿ: ಎದುರಿಗಿರುವುದನ್ನು ವರ್ಣಿಸುತ್ತಲೇ ಬೇರೊಂದರ ನಡವಳಿಕೆಯನ್ನು ಅದಕ್ಕೆ ತೊಡಿಸುವುದು. ನಾನು ಇಲ್ಲಿ ಮಾನವೀಕರಣವನ್ನೇ ಆರಿಸುತ್ತೇನೆ. ಯಾಕೆಂದರೆ ಮುಂದಿನ ಮಾತು ಅದರಿಂದ ಬರುತ್ತದೆ: ಆ ಅಜ್ಜನಿಗೆ ಪಾಕ ಒಬ್ಬ ಮನುಷ್ಯನಂತೆ, ಅದರ ಮನಸ್ಸು ತಿಳಿದು ನಡೆದುಕೊಳ್ಳಬೇಕು. ಸಿಟ್ಟು ಬಂದಾಗ ದೂರ ನಿಲ್ಲಬೇಕು, ಹದ ಬಂದಾಗ ಇಳಿಸಬೇಕು. ಜೀವನವಿಡೀ ಬೆಲ್ಲ ಕಾಯಿಸಿದವರ ತಿಳಿವಳಿಕೆ ಒಂದೇ ಮಾತಿನಲ್ಲಿ ಇದೆ.

ಈಗ ಇದೇ ಕೊಪ್ಪರಿಗೆಯನ್ನು ಒಂದು ಸಣ್ಣಕಥೆಗೆ ಹಾಕೋಣ. ಕಥೆಯ ಮೊದಲ ಪುಟದಲ್ಲಿ ಕೊಪ್ಪರಿಗೆ ಕುದಿಯುತ್ತಿದೆ. ಅದರ ಬಿಸಿ ಮುಖಕ್ಕೆ ಹೊಡೆಯುತ್ತದೆ, ಸಿಹಿ ಹೊಗೆ ಮೂಗಿಗೆ ಬರುತ್ತದೆ, ಗುಳ್ಳೆ ಒಡೆಯುವ ಸದ್ದು ಕೇಳುತ್ತದೆ. ಇದು ಪ್ರತಿಮೆ. ಇಂದ್ರಿಯಕ್ಕೆ ಸಿಗುವ ಚಿತ್ರ. ಅದರ ಹಿಂದೆ ಬೇರೆ ಅರ್ಥ ಇರಲೇಬೇಕು ಎಂದಿಲ್ಲ. ಪ್ರತಿಮೆ ಎಂದರೆ ಕಣ್ಣಿಗೆ ಕಾಣುವುದು ಮಾತ್ರ ಎಂದುಕೊಳ್ಳುವವರು ತುಂಬ ಜನ. ವಾಸನೆ, ಸದ್ದು, ಸ್ಪರ್ಶ, ರುಚಿ ಎಲ್ಲಕ್ಕೂ ಪ್ರತಿಮೆ ಇದೆ.

ನಡುವೆ ಒಂದು ಕಡೆ "ಅವನ ಎದೆ ಎಂಬ ಕೊಪ್ಪರಿಗೆ ಉಕ್ಕಿತು" ಎಂದು ಬಂತು. ಇದು ರೂಪಕ. ಎರಡು ವಸ್ತು, ಎದೆ ಮತ್ತು ಕೊಪ್ಪರಿಗೆ. ಇಲ್ಲಿ ನಿಜವಾದ ಕೊಪ್ಪರಿಗೆ ಇಲ್ಲ, ಎದೆಯನ್ನು ಹೇಳಲು ಬಂದಿದೆ.

ಕೊನೆಯ ಪುಟದಲ್ಲಿ ಆಲೆಮನೆ ನಿಂತುಹೋಗಿದೆ. ಕೊಪ್ಪರಿಗೆಯನ್ನು ಅಂಗಳದಲ್ಲಿ ಬೋರಲು ಹಾಕಿದ್ದಾರೆ. ಅದರ ಮೇಲೆ ಕೋಳಿ ಕೂತಿದೆ. ಮಗ ಅದನ್ನು ಗುಜರಿಯವನಿಗೆ ತೋರಿಸುತ್ತಾನೆ, ಅಪ್ಪ ಮಾತಾಡುವುದಿಲ್ಲ. ಈಗ ಕೊಪ್ಪರಿಗೆ ಸಂಕೇತ. ಅದು ನಿಜವಾದ ಕೊಪ್ಪರಿಗೆಯೇ, ಕಥೆಯೊಳಗೆ ಕೈಯಿಂದ ಮುಟ್ಟಬಹುದು. ಆದರೆ ಕಥೆಯುದ್ದಕ್ಕೂ ಮತ್ತೆ ಮತ್ತೆ ಬಂದು ಅಪ್ಪನ ಬದುಕು, ಮನೆಯ ಗೌರವ, ಊರಿನ ಕಸುಬು ಎಲ್ಲವನ್ನೂ ಹೊತ್ತುಕೊಂಡಿದೆ. ಇದನ್ನು ಒಂದೇ ಒಂದು ಅರ್ಥಕ್ಕೆ ಕಟ್ಟಿಹಾಕಲು ಬರುವುದಿಲ್ಲ.

ಹಾಗಾಗಿ ಆರಿಸುವಾಗ ಹೀಗೆ ಮಾಡಿ. ಆ ವಸ್ತುವನ್ನು ಕಥೆಯಿಂದ ತೆಗೆದುಬಿಡಿ. ತೆಗೆದರೆ ಬರೀ ವರ್ಣನೆ ಸೊರಗಿದರೆ ಪ್ರತಿಮೆ. ಒಂದು ವಾಕ್ಯ ಮಾತ್ರ ಕೆಟ್ಟರೆ ರೂಪಕ. ಕಥೆಯೇ ಕುಸಿದರೆ ಸಂಕೇತ. ನಾನು ತರಗತಿಯಲ್ಲಿ ಇದನ್ನು ಅನೇಕ ಸಲ ಮಾಡಿಸಿದ್ದೇನೆ, ಮಕ್ಕಳು ತಾವೇ ಜಗಳವಾಡಿ ಉತ್ತರಕ್ಕೆ ಬರುತ್ತಾರೆ.

ಒಂದು ಎಚ್ಚರಿಕೆ. ಕಂಡದ್ದೆಲ್ಲ ಸಂಕೇತ ಎನ್ನುವ ಚಪಲ ಬೇಡ. ಕಥೆಯಲ್ಲಿ ಒಂದೇ ಸಲ ಕಾಗೆ ಹಾರಿದರೆ ಅದು ಕಾಗೆ ಅಷ್ಟೇ.

ಒಂದೇ ಪದ, ಎರಡು ಬಾಳು

ಕೆಲವು ಹೆಸರುಗಳಿಗೆ ಹಳೆಯ ಕಾವ್ಯಮೀಮಾಂಸೆಯಲ್ಲಿ ಒಂದು ಅರ್ಥ, ಇಂದು ಇನ್ನೊಂದು. ಯಾವುದನ್ನು ಉದ್ದೇಶಿಸಿದ್ದೀರಿ ಎಂದು ಹೇಳದೆ ಬಳಸಿದರೆ ಓದುವವರು ದಾರಿ ತಪ್ಪುತ್ತಾರೆ.

ರೂಪಕವನ್ನೇ ನೋಡಿ. ಅಲಂಕಾರದ ರೂಪಕ ಒಂದು. ನಾಟಕಶಾಸ್ತ್ರದಲ್ಲಿ ರೂಪಕ ಎಂದರೆ ರಂಗದ ಮೇಲೆ ಆಡುವ ದೃಶ್ಯಕಾವ್ಯ, ಹತ್ತು ಬಗೆ ಇರುವುದರಿಂದ ದಶರೂಪಕ. ಇನ್ನು ನಮ್ಮ ಮೈಸೂರಿನವರಿಗೆ ರೇಡಿಯೊದಲ್ಲಿ ಕೇಳಿದ ರೂಪಕವೂ ಗೊತ್ತು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ನಿಲಯ ನಡೆಸಿದರು, ಆಕಾಶವಾಣಿ ಎಂಬ ಹೆಸರು ಅದಕ್ಕೇ ಮೊದಲು ಬಂದದ್ದು. ಆ ರೇಡಿಯೊದ ಊರಿನಲ್ಲಿ 'ರೂಪಕ' ಎಂದರೆ ಮಾತು, ಹಾಡು, ನಿರೂಪಣೆ ಸೇರಿದ ಕಾರ್ಯಕ್ರಮ ಎಂದು ಹಿರಿಯರು ತಿಳಿಯುವುದು ಸಹಜ. ಸಂಗೀತ ಕಲಿತವರಿಗೆ ಅದೊಂದು ತಾಳ. ಹಾಗಾಗಿ 'ರೂಪಕಾಲಂಕಾರ' ಎಂದು ಪೂರ್ತಿ ಬರೆಯುವುದು ಒಳ್ಳೆಯದು, ಒಂದು ಪದ ಜಾಸ್ತಿಯಾದರೂ.

ವ್ಯಂಗ್ಯ ಇನ್ನೂ ಅಪಾಯದ ಪದ. ಇಂದು ವ್ಯಂಗ್ಯ ಎಂದರೆ ಚುಚ್ಚು ಮಾತು. ಎರಡು ಗಂಟೆ ತಡವಾಗಿ ಬಂದವನಿಗೆ "ಬಂದ್ಯಾ? ಎಷ್ಟು ಬೇಗ ಬಂದೆಯಪ್ಪ" ಎನ್ನುವುದು. ಕಾವ್ಯಮೀಮಾಂಸೆಯಲ್ಲಿ ವ್ಯಂಗ್ಯ ಎಂದರೆ ಮಾತಿನಿಂದ ಸೂಚಿತವಾಗುವ ಅರ್ಥ, ಅದರಲ್ಲಿ ಚುಚ್ಚು ಇರಲೇಬೇಕೆಂದಿಲ್ಲ. ತಾಯಿಯ ವಾತ್ಸಲ್ಯವೂ ವ್ಯಂಗ್ಯವಾಗಿ ಬರಬಹುದು. ಹೊಗಳಿದಂತೆ ಮಾಡಿ ತೆಗಳುವುದಕ್ಕೆ ಹಳೆಯ ಹೆಸರು ವ್ಯಾಜಸ್ತುತಿ. ಇಂದಿನ ಅರ್ಥದಲ್ಲಿ ಬರೆಯುವುದಾದರೆ ಇನ್ನೊಂದು ಆಯ್ಕೆಯೂ ಮುಂದೆ ಬರುತ್ತದೆ: ವ್ಯಂಗ್ಯವೋ, ವಿಡಂಬನೆಯೋ, ಅಣಕವೋ? ಒಂದು ಮಾತಿನ ಮಟ್ಟದಲ್ಲಿದ್ದರೆ ವ್ಯಂಗ್ಯ. ಸಮಾಜದ ಒಂದು ಕೊಳಕನ್ನು ಬಯಲಿಗೆಳೆಯುವುದೇ ಇಡೀ ಬರಹದ ಗುರಿಯಾದರೆ ವಿಡಂಬನೆ. ಇನ್ನೊಂದು ಬರಹದ ಧಾಟಿಯನ್ನು ಹಿಡಿದು ಆಡಿದರೆ ಅಣಕ.

ಧ್ವನಿಯೂ ಹಾಗೆಯೇ. 'ಹೆಣ್ಣಿನ ಧ್ವನಿ', 'ಕವಿಯ ಧ್ವನಿ' ಎನ್ನುವಾಗ ದನಿ ಎಂಬ ಅರ್ಥ. ಕಾವ್ಯಮೀಮಾಂಸೆಯ ಧ್ವನಿ ಎಂದರೆ ಹೇಳದೆ ಹೊಳೆಯಿಸುವುದು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯದ ಆತ್ಮವೇ ಧ್ವನಿ ಎಂದ. ಅದೇ ಶತಮಾನದಲ್ಲಿ ನಮ್ಮ ಕವಿರಾಜಮಾರ್ಗ ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಇಟ್ಟಿತು. ಒಂದೇ ಹೆಸರು, ಒಬ್ಬರಿಗೆ ಆತ್ಮ, ಇನ್ನೊಬ್ಬರಿಗೆ ಆಭರಣ. ಎಂ.ಎ. ಓದುವವರು ಈ ಅಂತರದ ಮೇಲೆ ಒಂದು ದಿನ ಕೂತು ಯೋಚಿಸಬೇಕು.

ಲಕ್ಷಣೆಯೋ ಧ್ವನಿಯೋ ಎಂಬ ಪ್ರಶ್ನೆ ಬಂದಾಗ ಹೀಗೆ ನೋಡಿ. "ಕಾವೇರಿ ನೀರಿಗಾಗಿ ಮಂಡ್ಯ ರಸ್ತೆಗಿಳಿಯಿತು." ಊರು ನಡೆಯುವುದಿಲ್ಲ. ನೇರ ಅರ್ಥ ಕೆಲಸ ಮಾಡದ್ದರಿಂದ 'ಮಂಡ್ಯದ ಜನ' ಎಂದು ತಿಳಿದುಕೊಂಡೆವು. ಇದು ಲಕ್ಷಣೆ. "ಹೊತ್ತು ಮುಳುಗ್ತು." ಇದರಲ್ಲಿ ನೇರ ಅರ್ಥಕ್ಕೆ ಏನೂ ತೊಂದರೆ ಇಲ್ಲ, ಹೊತ್ತು ನಿಜವಾಗಿಯೂ ಮುಳುಗಿದೆ. ಆದರೆ ಅಜ್ಜಿ ಸೊಸೆಗೆ ಹೇಳಿದರೆ ದೀಪ ಹಚ್ಚು ಎಂದು. ಗದ್ದೆಯಲ್ಲಿ ಕೂಲಿಯವರು ಹೇಳಿದರೆ ಕೆಲಸ ಬಿಡೋಣ ಎಂದು. ಬಾಗಿಲಲ್ಲಿ ನಿಂತ ತಾಯಿ ಹೇಳಿದರೆ ಮಗಳು ಇನ್ನೂ ಮನೆಗೆ ಬಂದಿಲ್ಲ ಎಂಬ ದಿಗಿಲು. ನೇರ ಅರ್ಥ ನಿಂತಿದ್ದೂ ಅದರಾಚೆ ಇನ್ನೊಂದು ಹೊಮ್ಮಿದರೆ ಧ್ವನಿ. ಸೂರ್ಯ ಮುಳುಗಿದ ಈ ಮಾತು ಸಂಸ್ಕೃತದ ಕಾವ್ಯಮೀಮಾಂಸಕರೇ ಕೊಟ್ಟ ಹಳೆಯ ಉದಾಹರಣೆ. ನಮ್ಮ ಹಳ್ಳಿಯ ಮೂರು ಮನೆಗಳಲ್ಲಿ ಹೇಳಿಸಿದರೆ ಮಕ್ಕಳಿಗೆ ತಕ್ಷಣ ಹತ್ತುತ್ತದೆ.

ಕಿವಿಯಿಂದ ಆರಿಸುವವು

ಪ್ರಾಸ, ಅನುಪ್ರಾಸ, ಯಮಕ, ಶ್ಲೇಷ. ಇವನ್ನು ಬೇಗ ಮುಗಿಸಬಹುದು. ಅಕ್ಷರ ಸಾಲಿನೊಳಗೇ ಮತ್ತೆ ಮತ್ತೆ ಬಂದರೆ ಅನುಪ್ರಾಸ: "ಗದ್ದೆಯ ಗರಿಕೆ ಗಾಳಿಗೆ ಗುನುಗಿತು." ಅಕ್ಷರಗಳ ಒಂದು ಗುಂಪು ಎರಡು ಸಲ ಬಂದು ಅರ್ಥ ಬೇರೆಯಾದರೆ ಯಮಕ: "ಹೊಳೆಯ ನೀರು ಹೊಳೆಯತೊಡಗಿತು." ಒಂದೇ ಸಲ ಬಂದು ಎರಡು ಅರ್ಥ ಕೊಟ್ಟರೆ ಶ್ಲೇಷ: "ದೊರೆಯ 'ಕರ' ಎಲ್ಲರನ್ನೂ ಮುಟ್ಟಿತು." ಕರ ಎಂದರೆ ಕೈಯೂ ಹೌದು, ತೆರಿಗೆಯೂ ಹೌದು. ಯಮಕಕ್ಕೆ ಎರಡು ಜಾಗ ಬೇಕು, ಶ್ಲೇಷಕ್ಕೆ ಒಂದೇ ಸಾಕು.

ಆದಿಪ್ರಾಸದ ವಿಷಯದಲ್ಲಿ ಹೆಸರು ಮೋಸ ಮಾಡುತ್ತದೆ. ಸಾಲಿನ ಮೊದಲ ಅಕ್ಷರ ನೋಡಬೇಡಿ, ಎರಡನೆಯದನ್ನು ನೋಡಿ. ಹಳಗನ್ನಡ, ನಡುಗನ್ನಡ ಕಾವ್ಯಗಳಿಗೆ ಇದು ಕಡ್ಡಾಯದಂತಿತ್ತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದ ಮೇಲೆ ಹೊಸ ಕವಿತೆಗೆ ಆ ಕಟ್ಟು ಸಡಿಲವಾಯಿತು.

ಷಟ್ಪದಿಗಳಲ್ಲಿ ಭಾಮಿನಿಯೋ ವಾರ್ಧಕವೋ ಎಂಬುದೇ ಪರೀಕ್ಷೆಯಲ್ಲಿ ಹೆಚ್ಚು ಬರುವುದು. ಕುಮಾರವ್ಯಾಸನದು ಭಾಮಿನಿ, ಲಕ್ಷ್ಮೀಶನದು ವಾರ್ಧಕ. ಕವಿಯ ಹೆಸರು ನೋಡಿ ಬರೆದರೆ ಅಂಕ ಸಿಗಬಹುದು, ಆದರೆ ಕಿವಿ ಬೆಳೆಯುವುದಿಲ್ಲ. ಚಪ್ಪಾಳೆ ತಟ್ಟಿ ಹೇಳಿ ನೋಡಿ. ತರಗತಿಗಾಗಿ ನಾನೇ ಕಟ್ಟಿಕೊಂಡ ಎರಡು ಸಾಲು ಇವು:

ಕಬ್ಬಿ | ನೊಡಲಲಿ | ಸಿಹಿಯ | ತುಂಬಿದ
ಹಬ್ಬ | ಬಂದಿತು | ಹೊಲದ | ಬದುವಲಿ

ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14 ಮಾತ್ರೆ. ಇದು ಭಾಮಿನಿಯ ನಡೆ. ಕಬ್ಬಿ, ಹಬ್ಬ ಎಂದು ಎರಡನೆಯ ಅಕ್ಷರದ ಪ್ರಾಸವೂ ಕೂತಿದೆ. ಅದೇ ಅಕ್ಷರದ ಒತ್ತು (ಬ್ಬ) ಇರುವುದರಿಂದ ಹಯಪ್ರಾಸ. ಈಗ ಇದನ್ನು ಹೇಳಿ:

ಹೊಳೆಯ ದಡ | ದಲಿ ಬೆಳೆದ | ಕಬ್ಬಿನೊಳ | ಗಿನ ಸವಿಯು

ಐದು, ಐದು, ಐದು, ಐದು. 20 ಮಾತ್ರೆ. ಇದು ವಾರ್ಧಕ. ಮೂರನೆಯ ಮತ್ತು ಆರನೆಯ ಸಾಲು ಎರಡರಲ್ಲೂ ಉದ್ದ: ಭಾಮಿನಿಗೆ 23, ವಾರ್ಧಕಕ್ಕೆ 32, ಕೊನೆಗೆ ಒಂದು ಗುರು. ಪೂರ್ತಿ ಪದ್ಯಕ್ಕೆ ಭಾಮಿನಿ 102, ವಾರ್ಧಕ 144. ಮೂರು-ನಾಲ್ಕರ ನಡೆಗೆ ಒಂದು ಧಾವಂತ ಇದೆ, ಐದರ ನಡೆಗೆ ಒಂದು ಹರವು ಇದೆ. ಮೇಲೆ ಹೇಳಿದ ರೂಪಕದ ಓಟ, ಉಪಮೆಯ ನಿಲುಗಡೆ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ, ಅಲ್ವಾ? ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಹಾಡುವುದನ್ನು ಒಂದು ಸಲ ಎದುರಿಗೆ ಕೂತು ಕೇಳಿದರೆ ಮಾತ್ರೆ ಎಣಿಸುವ ಬೆರಳು ತಾನಾಗಿ ನಿಲ್ಲುತ್ತದೆ.

ದುರಂತ, ರುದ್ರನಾಟಕ, ಕರುಣ

ಗ್ರೀಕರಿಂದ, ಇಂಗ್ಲಿಷಿನಿಂದ ಬಂದ ನಾಟಕಗಳನ್ನು ಓದುವಾಗ 'ಟ್ರ್ಯಾಜಿಡಿ' ಎಂಬ ಪದಕ್ಕೆ ಈ ಮೂರರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ಕನ್ನಡಕ್ಕೆ ದುಡಿದ ಬಿ.ಎಂ.ಶ್ರೀ ಅವರು ರುದ್ರನಾಟಕ ಎಂಬ ಮಾತನ್ನು ಬಳಸಿದರು. ನನಗೂ ಅದೇ ಮೆಚ್ಚು. ದುರಂತ ಎಂದರೆ ಕೆಟ್ಟ ಅಂತ್ಯ. ಬಸ್ ಅಪಘಾತವನ್ನೂ ಪೇಪರಿನವರು ದುರಂತ ಎನ್ನುತ್ತಾರೆ. ಗ್ರೀಕರ ಕೆಲವು ರುದ್ರನಾಟಕಗಳು ಸಮಾಧಾನದಲ್ಲಿ ಮುಗಿಯುತ್ತವೆ, ಅವನ್ನು ದುರಂತ ಎನ್ನುವುದು ಹೇಗೆ? ಕರುಣ ಎಂಬುದು ರಸದ ಹೆಸರು, ನೋಡುವವರ ಅನುಭವಕ್ಕೆ ಸೇರಿದ್ದು, ನಾಟಕದ ಜಾತಿಗೆ ಸೇರಿದ್ದಲ್ಲ. ಪಠ್ಯದಲ್ಲಿ 'ದುರಂತ ನಾಟಕ' ಎಂದಿದ್ದರೆ ಉತ್ತರದಲ್ಲೂ ಅದೇ ಬರೆಯಿರಿ, ಆದರೆ ಅಂತ್ಯ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ.

ಹಳೆಯ ಪೆಟ್ಟಿಗೆಯೋ, ಹೊಸದೋ

ಕೊನೆಗೆ ಎಲ್ಲರೂ ಕೇಳುವುದು ಇದೇ. ಅಲಂಕಾರಶಾಸ್ತ್ರ ಕಲಿಯಬೇಕಾ, ಪ್ರತಿಮೆ, ಸಂಕೇತ, ನಿರೂಪಕ (ಕಥೆಯೊಳಗೆ ಕಥೆ ಹೇಳುವವರು) ಇವನ್ನು ಕಲಿಯಬೇಕಾ?

ಹತ್ತನೆಯ ತರಗತಿಯ ಮಕ್ಕಳಿಗೆ ಆಯ್ಕೆಯೇ ಇಲ್ಲ, ಅಲಂಕಾರ ಮತ್ತು ಛಂದಸ್ಸು ಕಲಿಯಲೇಬೇಕು. ಅವರು ಲಕ್ಷಣವನ್ನು ಬಾಯಿಪಾಠ ಮಾಡುವುದಕ್ಕೆ ಮುಂಚೆ ಸಮನ್ವಯ, ಅಂದರೆ ಲಕ್ಷಣ ಆ ಸಾಲಿಗೆ ಹೇಗೆ ಹೊಂದುತ್ತದೆ ಎಂದು ಬರೆಯುವುದನ್ನು ರೂಢಿಸಿಕೊಳ್ಳಲಿ. ಐಚ್ಛಿಕ ಕನ್ನಡ ತೆಗೆದುಕೊಂಡವರು ಹಳಗನ್ನಡಕ್ಕೆ ಹಳೆಯ ಹೆಸರು, ಹೊಸ ಕಥೆ ಕವಿತೆಗಳಿಗೆ ಹೊಸ ಹೆಸರು ಎಂದು ಶುರುಮಾಡಿದರೆ ಸಾಕು. ಅಧ್ಯಾಪಕರಾಗಲು ನೆಟ್, ಕೆಸೆಟ್ ಪರೀಕ್ಷೆ ಬರೆಯುವವರಿಗೆ ಎರಡೂ ಬೇಕು. ಬರೀ ಓದುವ ಪ್ರೀತಿಗೆ ಓದುವವರಿಗೆ? ಧ್ವನಿ, ಪ್ರತಿಮೆ, ಸಂಕೇತ, ನಿರೂಪಕ, ಈ ನಾಲ್ಕು ಮೊದಲು. ನಿರೂಪಕ ಮತ್ತು ಲೇಖಕ ಒಬ್ಬರೇ ಅಲ್ಲ ಎಂಬುದು ತಿಳಿದರೆ ಅರ್ಧ ಕಥೆಗಳು ಬೇರೆಯಾಗಿಯೇ ಕಾಣುತ್ತವೆ.

ಹಳೆಯ ಹೆಸರನ್ನು ಹೊಸ ಕವಿತೆಗೆ ಬಳಸಬಾರದು ಎಂದೇನೂ ಇಲ್ಲ. ಕೆಲವು ಸಲ ಅದೇ ಹೆಚ್ಚು ಚುರುಕು. ಆ ಸಂಜೆ ಹುಡುಗಿ ತೋರಿಸಿದ ಸಾಲು ಹೊಸ ಕಾಲದ್ದೇ, ತರಗತಿಯ ಗೆಳತಿಯೊಬ್ಬಳು ಅಭ್ಯಾಸಕ್ಕೆ ಬರೆದುಕೊಟ್ಟದ್ದು: "ನದಿ ಯಾರಿಗೋ ಕಾಯುತ್ತಿದೆಯೇನೋ ಎಂಬಂತೆ ಸೇತುವೆಯ ಕೆಳಗೆ ನಿಧಾನಿಸಿತು." ಮಾನವೀಕರಣ ಎನ್ನಬಹುದು. ಆದರೆ ಅದರಿಂದ "ನದಿಯನ್ನು ಮನುಷ್ಯನಂತೆ ಕಂಡಿದ್ದಾಳೆ" ಎಂಬುದರಾಚೆ ಮಾತು ಹೊರಡಲಿಲ್ಲ. ಉತ್ಪ್ರೇಕ್ಷೆ ಎಂದು ಇಟ್ಟು ನೋಡಿದೆವು. ಆಗ 'ಏನೋ' ಎಂಬ ಪದದ ಮೇಲೆ ಅವಳ ಬೆರಳು ನಿಂತಿತು.

ರೈಲು ಪಾಂಡವಪುರಕ್ಕೆ ಬರುತ್ತಿತ್ತು. ಅವಳು ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿ, ಉತ್ಪ್ರೇಕ್ಷೆಯ ಕೆಳಗೆ ಬೇಗಬೇಗ ಬರೆದಳು: 'ಕಾಯುತ್ತಿರುವುದು ನದಿಯಲ್ಲ, ನೋಡುತ್ತಿರುವವಳು. ಅವಳಿಗೆ ಅದನ್ನು ಖಚಿತವಾಗಿ ಹೇಳಲು ಸಂಕೋಚ. ಅದಕ್ಕೇ ಏನೋ ಅಂದಿದ್ದಾಳೆ.' ನೋಟ್‌ಬುಕ್ಕನ್ನು ಬ್ಯಾಗಿಗೆ ತುರುಕಿ "ಬರ್ತೀನಿ ಮೇಡಂ" ಎಂದು ಬಾಗಿಲ ಕಡೆ ಓಡಿದಳು.